ಬೇರೊಬ್ಬರ ನಿದ್ದೆ

"ನಾಲ್ಕು ಗಂಟೆ ನನ್ನದು."

ಕ್ಲಿನಿಕ್ಕಿನ ಒಳಗಿನ ಕೋಣೆಯಿಂದ ಆಗಷ್ಟೇ ಹೊರಬಂದವನಿಗೆ ನಾನು ಆಡಿದ ಮೊದಲ ಮಾತು ಅದು. ಲಿಫ್ಟ್ ಕೆಟ್ಟಿತ್ತು, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದೆ. ನನ್ನ ಅಂಗಡಿಯಲ್ಲಿ ಒಬ್ಬ ಗಿರಾಕಿ ಮೂವತ್ತು ಕನ್ನಡಕದ ಫ್ರೇಮ್ ಹಾಕಿ ನೋಡಿ, ಕೊನೆಗೆ ಯಾವುದೂ ಬೇಡ ಎಂದು ಎದ್ದು ಹೋಗಿದ್ದ. ಆ ಕೋಪ ಯಾರ ಮೇಲಾದರೂ ಇಳಿಯಬೇಕಿತ್ತು.

"ನಾಲ್ಕಕ್ಕೆ ನೀವು ಬರಲಿಲ್ಲ," ಎಂದ ಅವನು ನಿಧಾನವಾಗಿ. "ನಂದು ಐದು. ಬೇಗ ಬಂದಿದ್ದೆ, ಒಳಗೆ ಹೋಗಿ ಅಂದ್ರು, ಹೋದೆ. ಈಗ ಐದು ನಿಮಗೆ."

"ದೊಡ್ಡ ಉಪಕಾರ ಆಯ್ತು."

ಅವನು ನಕ್ಕ. ನಕ್ಕಾಗ ಕನ್ನಡಕ ಒಂದು ಕಡೆ ಜಾರಿತು. ಕಿವಿಯ ಕಡ್ಡಿ ಸೇರುವ ಜಾಗದಲ್ಲಿ ಸ್ಕ್ರೂ ಇಲ್ಲ, ಬಿಳಿ ದಾರ ಸುತ್ತಿದ್ದಾನೆ. ಕನ್ನಡಕದ ಅಂಗಡಿ ಇಟ್ಟವಳ ಕಣ್ಣಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

"ಏನದು ದಾರ?"

"ಬೈಂಡಿಂಗ್ ದಾರ. ನಾನು ಪುಸ್ತಕ ಹೊಲೀತೀನಿ. ಗಟ್ಟಿ ಇರುತ್ತೆ."

"ಕನ್ನಡಕ ಪುಸ್ತಕ ಅಲ್ಲ. ಮಾರ್ಕೆಟ್ ರಸ್ತೆ ಮೂಲೇಲಿ ನನ್ನ ಅಂಗಡಿ ಇದೆ, ತಗೊಂಡ್ ಬನ್ನಿ. ನೋಡೋಕಾಗ್ತಿಲ್ಲ."

"ಹಾಗಾದ್ರೆ ನೋಡ್ಬೇಡಿ."

ನಾನು ನೋಡುತ್ತಲೇ ಇದ್ದೆ. ಗಾಜಿನ ಹಿಂದೆ ಕಣ್ಣು ಕೆಂಪಗಿತ್ತು, ರೆಪ್ಪೆಯ ಕೆಳಗೆ ಕಪ್ಪು. ನಿದ್ದೆಗೆಟ್ಟ ಕಣ್ಣು ನನಗೆ ಚೆನ್ನಾಗಿ ಗೊತ್ತು, ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುವವಳು ನಾನು. ಅವನೂ ನನ್ನ ಕಣ್ಣನ್ನೇ ನೋಡುತ್ತಿದ್ದ. ಇಬ್ಬರಿಗೂ ನಾಚಿಕೆಯಾಯಿತು, ಬಟ್ಟೆ ಹರಿದದ್ದು ಕಂಡಂತೆ.

ಬಾಗಿಲ ಬಳಿಯ ಮೇಜಿನ ಹಿಂದೆ, ನಮಗೆ ಚಿಕಿತ್ಸೆ ಕೊಡುವ ಮೇಡಂ ಅವರ ಗಂಡ ಪೇಪರ್ ಓದುತ್ತಾ ಕೂತಿದ್ದರು. ರಿಟೈರ್ ಆದ ಮೇಲೆ ಹೆಂಡತಿಯ ಕ್ಲಿನಿಕ್ಕಿಗೆ ಅವರೇ ರಿಸೆಪ್ಷನಿಸ್ಟ್. ಮೇಡಂ ಅವರದು ಒಂದು ಕಟ್ಟುನಿಟ್ಟು: ಬಂದವರ ಹೆಸರು ಗಂಡನಿಗೂ ಗೊತ್ತಾಗಬಾರದು. ಪುಸ್ತಕದಲ್ಲಿ ವಾರ, ಗಂಟೆ, ಅಷ್ಟೇ. ಅವರು ಪೇಪರ್ ಇಳಿಸಿ, ಗಡಿಯಾರ ನೋಡಿ, ಅವನ ಕೈಗೆ ಒಂದು ಲಕೋಟೆ ಕೊಟ್ಟರು. ಒಂದು ಗಂಟೆ ಬಿಟ್ಟು ನಾನು ಹೊರಬಂದಾಗ ನನಗೂ ಒಂದು ಕೊಟ್ಟರು. ಒಳಗೆ ಪೆನ್‌ಡ್ರೈವ್. ಅದರಲ್ಲಿ ಮೇಡಂ ಅವರ ಧ್ವನಿ, ಮನೆಯಲ್ಲಿ ಮಲಗುವ ಮುಂಚೆ ಕೇಳಲು.

*

ನನ್ನ ಕಥೆ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

ನನ್ನ ಗಂಡ ಹನ್ನೊಂದು ತಿಂಗಳು ಮಲಗಿದಲ್ಲೇ ಇದ್ದರು. ಶ್ವಾಸಕೋಶ. ಮಂಚದ ಪಕ್ಕ ಒಂದು ಕುರ್ಚಿ ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಉಸಿರು ಎಣಿಸುತ್ತಿದ್ದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಎಂಬುದು ನನಗೆ ಬಾಯಿಪಾಠವಾಗಿತ್ತು. ಒಂದು ರಾತ್ರಿ ಕೂತಲ್ಲೇ ರೆಪ್ಪೆ ಅಂಟಿತು. ಎಚ್ಚರವಾದಾಗ ಬೆಳಕಾಗಿತ್ತು. ಕೋಣೆಯಲ್ಲಿ ಸದ್ದಿರಲಿಲ್ಲ.

ಮನೆಯವರಿಗೆ ಸುಳ್ಳು ಹೇಳಿದೆ. ಎಚ್ಚರ ಇದ್ದೆ, ಕೈ ಹಿಡಿದುಕೊಂಡೇ ಇದ್ದೆ ಎಂದೆ. ಮೇಲಿನ ಮಹಡಿಯಲ್ಲಿರುವ ನಾದಿನಿ ನನ್ನನ್ನು ತಬ್ಬಿ ಅತ್ತಳು. "ನೀನು ಎಚ್ಚರ ಇದ್ದೆಯಲ್ಲ ಅತ್ತಿಗೆ, ಅಣ್ಣ ಒಬ್ಬನೇ ಹೋಗಲಿಲ್ಲ. ಅಷ್ಟು ಸಾಕು ನಂಗೆ." ನಾಲ್ಕು ವರ್ಷದಲ್ಲಿ ಆ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಪ್ರತಿ ಸಲವೂ ನಾನು ತಲೆಯಾಡಿಸುತ್ತಿದ್ದೆ.

ಆಮೇಲೆ ನಿದ್ದೆ ನನ್ನ ಹತ್ತಿರ ಸುಳಿಯಲಿಲ್ಲ. ದೀಪ ಆರಿಸಿದರೆ ಕೋಣೆಯಲ್ಲಿ ಉಸಿರು ಕೇಳುತ್ತಿತ್ತು. ಸುಳ್ಳು ಹೇಳುತ್ತಿಲ್ಲ. ಖಾಲಿ ಮಂಚದ ಕಡೆಯಿಂದ, ಒಂದೊಂದಾಗಿ, ಎಳೆದು ಬಿಡುವ ಉಸಿರು. ಕೇಳಿದರೆ ಮೈ ಬೆವರುತ್ತಿತ್ತು. ಉಸಿರು ನಿಂತರೆ ಇನ್ನೂ ಭಯ. ಎದ್ದು ಕೂತು ಮುಂದಿನದಕ್ಕೆ ಕಾಯುತ್ತಿದ್ದೆ. ಬೆಳಗಾಗುವವರೆಗೂ ಕಾಯುತ್ತಿದ್ದೆ.

"ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ ಅಂತಾರೆ, ನಿಂಗೆ ಹಾಸಿಗೇಲೂ ಇಲ್ಲ," ಎಂದು ನಾದಿನಿ ಬೈದಳು. "ಹಿಪ್ನೋಥೆರಪಿ ಅಂತ ಒಬ್ರು ಮಾಡ್ತಾರೆ. ಹೋಗು, ಇಲ್ಲಾಂದ್ರೆ ನಾನೇ ಎಳ್ಕೊಂಡು ಹೋಗ್ತೀನಿ."

ಗಡಿಯಾರ ತೂಗಾಡಿಸಿ ನನ್ನಿಂದ ಕೋಳಿ ಕೂಗಿಸುತ್ತಾರೆ ಎಂದುಕೊಂಡು ಹೋದೆ. ಮೇಡಂ ನಕ್ಕರು. ಸಮ್ಮೋಹನ ಎಂದರೆ ಮಾಟವಲ್ಲ, ನೀವು ಒಪ್ಪದೆ ನಿಮ್ಮ ಮನಸ್ಸು ಒಂದು ಹೆಜ್ಜೆಯೂ ಇಡುವುದಿಲ್ಲ, ನಾನು ಬರೀ ದಾರಿ ತೋರಿಸುವವಳು ಎಂದರು. ಮೊದಲ ದಿನ ಕಣ್ಣು ಮುಚ್ಚಿಸಿ "ನಿಮ್ಮ ಉಸಿರು ಎಣಿಸಿ" ಎಂದರು. ಮೂರು ಎನ್ನುವಷ್ಟರಲ್ಲಿ ನಾನು ಕುರ್ಚಿಯಿಂದ ಎದ್ದು ಬಾಗಿಲ ಬಳಿ ನಿಂತಿದ್ದೆ. ಅಂದು ಅವರಿಗೆ ನಿಜ ಹೇಳಿದೆ. ಜಗತ್ತಿನಲ್ಲಿ ಅವರೊಬ್ಬರಿಗೇ.

ಅವನನ್ನು ಕಂಡ ಆ ಮಂಗಳವಾರ, ಲಕೋಟೆ ತೆಗೆದುಕೊಳ್ಳುವ ಮುಂಚೆ, ಮೇಡಂ ಒಂದು ಮಾತು ಹೇಳಿದ್ದರು. "ಮಗಳ ಹೆರಿಗೆ, ಮೂರು ವಾರ ನಾನಿರಲ್ಲ, ಕ್ಲಿನಿಕ್ ಮುಚ್ಚಿರುತ್ತೆ. ರೆಕಾರ್ಡಿಂಗ್ ದಿನಾ ಕೇಳಿ. ಅದರಲ್ಲಿ ಎಲ್ಲಿಗೆ ಕರ್ಕೊಂಡು ಹೋದ್ರೂ ಯಾಕೆ ಅಂತ ಕೇಳ್ಬೇಡಿ, ಸುಮ್ನೆ ಬನ್ನಿ. ಜಗಳ ಆಡೋ ಬುದ್ಧೀನ ಚಪ್ಪಲಿ ಜೊತೆ ಹೊರಗೆ ಬಿಡಿ."

ಜನ್ಮದಲ್ಲಿ ಒಮ್ಮೆ ಹೇಳಿದ ಮಾತು ಕೇಳಿದೆ. ಕೇಳಿದ್ದೇ ಎಡವಟ್ಟಾಯಿತು.

*

ರೇಡಿಯೋಗೆ ಪೆನ್‌ಡ್ರೈವ್ ಸಿಕ್ಕಿಸಿ ದೀಪ ಆರಿಸಿದೆ. ಮೇಡಂ ಅವರ ಧ್ವನಿ ನನ್ನನ್ನು ಒಂದು ಕೋಣೆಗೆ ಕರೆದೊಯ್ದಿತು. ನಾನು ಕಂಡಿರದ ಕೋಣೆ. ಉದ್ದ ಮೇಜು, ಅಂಟಿನ ವಾಸನೆ, ಕತ್ತರಿಸಿದ ಕಾಗದದ ಚೂರು, ಮೂಲೆಯಲ್ಲಿ ಕಬ್ಬಿಣದ ಒತ್ತುಯಂತ್ರ. ಮೊಳೆಗೆ ನೇತು ಹಾಕಿದ ಏಪ್ರನ್. ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು.

"ಕಿಟಕಿ ಹತ್ತಿರ ಅಮ್ಮ ಕೂತಿದ್ದಾರೆ," ಎಂದಿತು ಧ್ವನಿ. "ಕಾಗದ ಮಡಚ್ತಿದ್ದಾರೆ. ಅವರು ಎಲ್ಲೂ ಹೋಗಲ್ಲ. ಬಾಗಿಲಿಗೆ ಚಿಲಕ ಹಾಕಿದೆ. ನಾನು ನೋಡಿದೀನಿ. ನೀವು ಏಳ್ಬೇಕಾಗಿಲ್ಲ. ನೋಡೋರು ನೋಡ್ಕೊಳ್ತಾರೆ. ನೀವು ಮಲಗಿ."

ನನಗೆ ಅಮ್ಮನ ಮುಖ ನೆನಪಿಲ್ಲ, ನಾನು ಎರಡು ವರ್ಷದವಳಿದ್ದಾಗ ಹೋದವಳು. ಆಹಾ, ಮೇಡಂ ನನಗೊಬ್ಬ ಅಮ್ಮನನ್ನು ಮಾಡಿಕೊಟ್ಟಿದ್ದಾರೆ ಎಂದುಕೊಂಡೆ. ಬುದ್ಧಿ ಚಪ್ಪಲಿಯ ಜೊತೆ ಹೊರಗಿತ್ತು, ಪ್ರಶ್ನೆ ಕೇಳಲಿಲ್ಲ. ನೋಡೋರು ನೋಡ್ಕೊಳ್ತಾರೆ ಎಂಬ ಮಾತಿಗೆ ಎದೆಯಲ್ಲಿ ಏನೋ ಸಡಿಲವಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಕಾಯುವ ಪಾಳಿ ಬೇರೆಯವರದಾಗಿತ್ತು. ಬೆಳಿಗ್ಗೆ ನಾದಿನಿ ಬಾಗಿಲು ಬಡಿದೇ ನನ್ನನ್ನು ಎಬ್ಬಿಸಬೇಕಾಯಿತು.

ಇಪ್ಪತ್ತೊಂದು ರಾತ್ರಿ ಆ ಕೋಣೆಯಲ್ಲಿ ಮಲಗಿದೆ. ಖಾಲಿ ಮಂಚದ ಉಸಿರು ನಿಂತಿರಲಿಲ್ಲ, ಆದರೆ ದೂರದಿಂದ, ಗೋಡೆಯಾಚೆಯಿಂದ ಕೇಳುತ್ತಿತ್ತು. ದಿನ ಕಳೆದಂತೆ ಧ್ವನಿ ನಿಂತ ಮೇಲೂ ಕೋಣೆ ಉಳಿಯುತ್ತಿತ್ತು. ಕನಸಿನಲ್ಲಿ ಆ ಮುದುಕಿ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಅವನು ಊಟ ಮಾಡಿದ್ನಾ?"

ಯಾರು ಎಂದು ನಾನು ಕೇಳಲಿಲ್ಲ. ಆ ಏಪ್ರನ್ನಿನವನು ಎಂದು ನನಗೇ ಗೊತ್ತಿತ್ತು. ಅವನು ಯಾವಾಗಲೂ ಈಗಷ್ಟೇ ಹೊರಗೆ ಹೋದವನು. ಮೇಜಿನ ಮೇಲೆ ಅರ್ಧ ಹೊಲಿದ ಪುಸ್ತಕ ಇರುತ್ತಿತ್ತು, ಸೂಜಿ ಹಾಗೇ ಚುಚ್ಚಿರುತ್ತಿತ್ತು. ನಾನು ಅವನಿಗಾಗಿ ಕಾಯತೊಡಗಿದೆ. ಹಗಲಲ್ಲೂ, ಲೆನ್ಸ್ ಒರೆಸುತ್ತಾ, ಇವತ್ತಾದರೂ ಬರುತ್ತಾನೇನೋ ಎಂದು ಯೋಚಿಸುತ್ತಿದ್ದೆ. ಮುಖವಿಲ್ಲದವನ ಮೇಲೆ ಮೂವತ್ತೊಂಬತ್ತರ ಹೆಂಗಸಿಗೆ ಮನಸ್ಸಾಗಿತ್ತು. ಯಾರ ಹತ್ತಿರ ಹೇಳಿಕೊಳ್ಳಲಿ?

"ಅತ್ತಿಗೆ, ಮುಖಕ್ಕೆ ಕಳೆ ಬಂದಿದೆ," ಎಂದಳು ನಾದಿನಿ. "ಏನು ಸಮಾಚಾರ?"

"ನಿದ್ದೆ," ಎಂದೆ. ಸುಳ್ಳಂತೂ ಅಲ್ಲ.

*

ಮೂರು ವಾರದ ಮೇಲೆ ಮೇಡಂ ಎದುರು ಕೂತು ಮೊದಲು ಥ್ಯಾಂಕ್ಸ್ ಹೇಳಿದೆ. "ನನಗೊಬ್ಬ ಅಮ್ಮನ್ನ ಕೊಟ್ರಿ. ಆ ಕಾಗದ ಮಡಚೋ ಅಮ್ಮ."

ಮೇಡಂ ಬರೆಯುತ್ತಿದ್ದ ಪೆನ್ನು ನಿಂತಿತು. "ಯಾವ ಅಮ್ಮ?"

ಕೋಣೆ, ಚಿಲಕ, ಒತ್ತುಯಂತ್ರ, ಎಲ್ಲ ಹೇಳಿದೆ. ಅವರ ಮುಖದ ಬಣ್ಣ ಇಳಿಯಿತು. ಎದ್ದು ಹೊರಗೆ ಹೋಗಿ ಗಂಡನ ಜೊತೆ ಪಿಸುಮಾತಾಡಿದರು. "ನಾಲ್ಕಕ್ಕೆ ಬಂದೋರಿಗೆ ನಾಲ್ಕರದ್ದು, ಐದಕ್ಕೆ ಬಂದೋರಿಗೆ ಐದರದ್ದು ಕೊಟ್ಟೆ. ಹೆಸರು ಕೇಳ್ಬೇಡ ಅಂದವಳು ನೀನೇ," ಎನ್ನುವುದು ಕೇಳಿಸಿತು. ಲಕೋಟೆಯ ಮೇಲೆ ಬರೆದದ್ದು ಗಂಟೆ ಮಾತ್ರ, ಅಂದು ಗಂಟೆ ಅದಲು ಬದಲಾಗಿತ್ತು.

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ನಾನು ಮಲಗಿದ್ದು ಆ ಬೈಂಡರನ ನಿದ್ದೆಯಲ್ಲಿ. ಹಾಗಾದರೆ ನನ್ನದು? ಮಂಚ, ಕುರ್ಚಿ, ಬೆಳಕಾದಾಗ ಸದ್ದಿಲ್ಲದ ಕೋಣೆ, ನಾನು ಯಾರಿಗೂ ಹೇಳದ ಆ ಒಂದು ನಿಜ ಅವನ ಕಿವಿಯಲ್ಲಿತ್ತು.

ಮೇಡಂ ಕಣ್ಣಲ್ಲಿ ನೀರು ತಂದುಕೊಂಡು ಕ್ಷಮೆ ಕೇಳಿದರು, ಅವನಿಗೂ ಈಗಲೇ ಹೇಳುತ್ತೇನೆ ಎಂದರು. ನಾನು ಮೆಟ್ಟಿಲಿಳಿದೆ.

ಅವನ ಬಾಯಿಂದ ಊರಿಗೆ ಗೊತ್ತಾಗುವ ಮುಂಚೆ ನನ್ನ ಬಾಯಿಂದ ಗೊತ್ತಾಗಲಿ ಎಂದು ಆ ಸಂಜೆಯೇ ನಾದಿನಿಗೆ ಹೇಳಿದೆ. ಧೈರ್ಯದಿಂದಲ್ಲ, ಹೆದರಿಕೆಯಿಂದ. ಅವಳು ಕೈಯಲ್ಲಿದ್ದ ತಟ್ಟೆ ಹಾಗೇ ಇಟ್ಟು ಮೇಲೆ ಹೋದಳು. ಎರಡು ದಿನ ಕೆಳಗಿಳಿಯಲಿಲ್ಲ. ಮೂರನೆಯ ದಿನ ಎರಡು ಲೋಟ ಟೀ ಹಿಡಿದು ಬಂದು ನನ್ನ ಪಕ್ಕ ಕೂತಳು.

"ಸುಳ್ಳು ಹೇಳಿದ್ದಕ್ಕೆ ಸಿಟ್ಟಿದೆ," ಎಂದಳು. "ಮಲಗಿದ್ದಕ್ಕಿಲ್ಲ. ಹನ್ನೊಂದು ತಿಂಗಳು ನೀನು ಕೂತಿದ್ದೆ. ನಾನು ಮೇಲೆ ದಿನಾ ಮಲಗ್ತಿದ್ದೆ ಅತ್ತಿಗೆ."

ಟೀ ತಣ್ಣಗಾಗುವವರೆಗೂ ಅತ್ತೆವು.

ಅವಳು ಕ್ಷಮಿಸಿದಳು, ನಿದ್ದೆ ಕ್ಷಮಿಸಲಿಲ್ಲ. ಅವನ ರೆಕಾರ್ಡಿಂಗ್ ಹಾಕಲು ಈಗ ಮನಸ್ಸು ಒಪ್ಪದು. ಖಾಲಿ ಮಂಚದ ಉಸಿರು ಗೋಡೆ ದಾಟಿ ಮತ್ತೆ ಹತ್ತಿರ ಬಂತು. ಸತ್ತವರ ಮಾತು ಹಾಗಿರಲಿ, ಬದುಕಿರುವ ಮನುಷ್ಯ ಯಾರಾದರೂ ಇನ್ನು ನನ್ನ ಪಕ್ಕ ಮಲಗಲು ಸಾಧ್ಯವೇ? ನಾನು ಮಲಗಿದರೆ ಅವರು ಹೋಗಿಬಿಡುತ್ತಾರೆ. ಇದು ಹುಚ್ಚು ಎಂದು ನನಗೂ ಗೊತ್ತಿತ್ತು. ಗೊತ್ತಿದ್ದರೆ ಭಯ ಹೋಗುತ್ತದೆಯೇ?

*

ನಾಲ್ಕನೆಯ ದಿನ ಮಧ್ಯಾಹ್ನ ಅವನು ಅಂಗಡಿಗೆ ಬಂದ. ನನ್ನ ಲಕೋಟೆಯನ್ನು ಕೌಂಟರ್ ಮೇಲಿಟ್ಟು ಕೈ ಹಿಂದೆ ಕಟ್ಟಿ ನಿಂತ, ತಪ್ಪು ಮಾಡಿದ ಶಾಲೆಯ ಹುಡುಗನಂತೆ. ಕನ್ನಡಕದ ದಾರ ಹೊಸದಾಗಿತ್ತು.

"ಕೇಳಿದ್ರಾ?" ಎಂದೆ.

"ಒಂದೇ ಸಲ. ಆದ್ರೆ ಕೊನೇವರೆಗೂ."

"ಬೇರೆಯವರದು ಅಂತ ಗೊತ್ತಾಗ್ಲಿಲ್ವಾ?"

"'ನಿಮ್ಮ ಗಂಡ' ಅಂದಾಗಲೇ ಗೊತ್ತಾಯ್ತು. ನಂಗೆ ಗಂಡ ಇಲ್ಲ."

ನಗು ಬಂತು, ಅದನ್ನು ನುಂಗಿ ಇನ್ನಷ್ಟು ಸಿಟ್ಟಾದೆ. "ಹಾಗಾದ್ರೆ ಆಫ್ ಮಾಡ್ಬೇಕಿತ್ತು. ಇನ್ನೊಬ್ಬರ ಮಲಗೋ ಕೋಣೆಗೆ ನುಗ್ಗಿ ಕೂತ್ಕೊಂಡ್ರಲ್ಲ, ನಾಚಿಕೆ ಆಗ್ಲಿಲ್ವಾ?"

"ಆಯ್ತು." ಅವನು ಕಣ್ಣೆತ್ತಿದ. "ಆದ್ರೆ ಆ ಕುರ್ಚೀಲಿ ನಿಮ್ಮನ್ನ ಒಬ್ರನ್ನೇ ಬಿಟ್ಟು ಎದ್ದು ಬರೋಕೆ ಆಗ್ಲಿಲ್ಲ."

ಪರೀಕ್ಷೆಯ ಕುರ್ಚಿ ತೋರಿಸಿದೆ. "ಕೂತ್ಕೊಳ್ಳಿ. ಕಣ್ಣು ನೋಡ್ತೀನಿ. ಆ ದಾರದ ಕನ್ನಡಕ ಇನ್ನೊಂದು ಸಲ ನನ್ನ ಕಣ್ಣಿಗೆ ಬೀಳ್ಬಾರ್ದು."

ಅವನ ಮೂಗಿನ ಮೇಲೆ ಪರೀಕ್ಷೆಯ ಫ್ರೇಮ್ ಕೂರಿಸಿದೆ. ದಿನಕ್ಕೆ ಹತ್ತು ಮುಖ ಹಿಡಿಯುವ ಕೈ ನನ್ನದು, ಅವತ್ತು ಅವನ ಕಿವಿಯ ಹಿಂದೆ ಬೆರಳು ತಾಗಿ ಅಲ್ಲೇ ನಿಂತಿತು. ಅವನ ಉಸಿರು ನನ್ನ ಮಣಿಕಟ್ಟಿಗೆ ಬಡಿಯುತ್ತಿತ್ತು, ಬೆಚ್ಚಗೆ.

"ಈ ಗಾಜು ಚೆನ್ನಾಗಿದ್ಯಾ, ಇದಾ?"

"ಎರಡೂ ಒಂದೇ ಥರ."

"ಬೋರ್ಡ್ ನೋಡಿ. ನನ್ನನ್ನಲ್ಲ."

"ಬೋರ್ಡ್ ಮಂಜಾಗಿದೆ. ನೀವು ಸ್ಪಷ್ಟವಾಗಿದ್ದೀರ."

"ಹತ್ತಿರದ್ದು ನಿಮ್ಮಂಥ ಕಣ್ಣಿಗೆ ಸ್ಪಷ್ಟವಾಗೇ ಕಾಣುತ್ತೆ, ಅದೇನು ದೊಡ್ಡ ವಿಷಯ ಅಲ್ಲ," ಎಂದು ಗದರಿ ಗಾಜು ಬದಲಾಯಿಸಿದೆ. ಕಿವಿ ಬಿಸಿಯಾಗಿತ್ತು. ಆಮೇಲೆ, ಬೋರ್ಡಿನ ಕಡೆ ನೋಡುತ್ತಲೇ, ನಾನೂ ಒಪ್ಪಿಕೊಂಡೆ. "ನಾನೇನು ಸಾಚಾ ಅಲ್ಲ. ಇಪ್ಪತ್ತೊಂದು ರಾತ್ರಿ ನಿಮ್ಮ ಕೋಣೇಲಿ ಮಲಗಿದೀನಿ. ಗೊರಕೆ ಹೊಡ್ಕೊಂಡು."

"ನಂಗೆ ಮೂರು ವಾರ ನಿದ್ದೆ ಇಲ್ಲ. ನನ್ನ ಪಾಲಿಂದೂ ನೀವೇ ಮಾಡಿದ್ರಿ ಅನ್ನಿ."

ಅವನು ಅಮ್ಮನ ವಿಷಯ ಹೇಳಿದ. ಮರೆವಿನ ಕಾಯಿಲೆ. ರಾತ್ರಿ ಎದ್ದು ಬಾಗಿಲು ತೆಗೆದು ಹೊರಟುಬಿಡುತ್ತಿದ್ದರಂತೆ. ಹಗಲು ಅಂಗಡಿಯಲ್ಲೇ ಕೂರಿಸಿಕೊಂಡು ಕಾಗದ ಮಡಚಲು ಕೊಡುತ್ತಿದ್ದ, ರಾತ್ರಿ ಚಿಲಕ ನೋಡುತ್ತಿದ್ದ. ಅವರು ತೀರಿ ಎರಡು ವರ್ಷ. ಈಗಲೂ ರಾತ್ರಿಗೆ ಹತ್ತು ಸಲ ಎದ್ದು ಚಿಲಕ ಮುಟ್ಟಿ ಬರುತ್ತಾನೆ.

"ಹೊರಗೆ ಹೋಗೋರು ಯಾರೂ ಇಲ್ಲ ಅಂತ ಗೊತ್ತು," ಎಂದ. "ಕಾಲು ಕೇಳಲ್ಲ."

ಹೇಳಬೇಕೋ ಬೇಡವೋ ಎಂದು ತಡೆದು, ಹೇಳಿದೆ. "ನಿಮ್ಮಮ್ಮ ನನ್ನ ಕನಸಲ್ಲಿ ಒಂದೇ ಮಾತು ಕೇಳ್ತಾರೆ. ಅವನು ಊಟ ಮಾಡಿದ್ನಾ ಅಂತ."

ಅವನು ಫ್ರೇಮ್ ತೆಗೆದು ಮಡಿಲಲ್ಲಿಟ್ಟುಕೊಂಡ. "ಅದನ್ನ ನಾನು ಮೇಡಂಗೂ ಹೇಳಿಲ್ಲ," ಎಂದ. "ಕೊನೆಗೆ ನನ್ನ ಗುರುತೇ ಇರ್ಲಿಲ್ಲ ಅವರಿಗೆ. ನನ್ನನ್ನೇ ಕೇಳೋರು, ಅವನು ಊಟ ಮಾಡಿದ್ನಾ ಅಂತ."

"ಎಲ್ಲ ತಾಯಂದಿರೂ ಕೇಳೋದು ಅದೇ ಅಲ್ವಾ," ಎಂದೆ, ಅವನಿಗಿಂತ ಹೆಚ್ಚಾಗಿ ನನಗೇ ಸಮಾಧಾನ ಹೇಳಿಕೊಳ್ಳಲು.

"ಇರ್ಬಹುದು. ಏನಂತ ಹೇಳಿದ್ರಿ?"

"ಇನ್ನೂ ಇಲ್ಲ ಅಂದೆ. ಬರ್ತಾನೆ, ಬಂದ ಮೇಲೆ ನಾನೇ ಬಡಿಸ್ತೀನಿ ಅಂದೆ."

ಅವನು ನನ್ನನ್ನು ನೋಡಿದ. ಕನ್ನಡಕವಿಲ್ಲದ ಮುಖ, ದಣಿದ ಕಣ್ಣು. ಇಷ್ಟು ದಿನ ಏಪ್ರನ್ ಬಿಟ್ಟು ಹೊರಗೆ ಹೋಗಿದ್ದವನು ಒಳಗೆ ಬಂದು ಕೂತಿದ್ದ. ನಾನು ಬೇಗ ಎದ್ದು ಲೆನ್ಸ್ ಸವೆಸುವ ಮಷೀನ್ ಹತ್ತಿರ ಹೋದೆ.

*

ಫ್ರೇಮಿನ ಅಳತೆಗೆ ಗಾಜು ಸವೆಯಲು ಅರ್ಧ ಗಂಟೆ ಬೇಕು. ಮಷೀನ್ ಗುಂಯ್‌ಗುಡುತ್ತಿತ್ತು. ನಿಲ್ಲಿಸಿ ತಿರುಗಿ ನೋಡಿದರೆ ಅವನು ಕುರ್ಚಿಯಲ್ಲಿ ತಲೆ ವಾಲಿಸಿ ನಿದ್ದೆ ಹೋಗಿದ್ದ.

ಅಂಗಡಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಅವನ ಉಸಿರು ಕೇಳಿತು.

ಒಬ್ಬ ಗಂಡಸು, ಒಂದು ಕುರ್ಚಿ, ಒಂದು ಉಸಿರು, ಕಾಯಲು ನಾನೊಬ್ಬಳೇ. ಬೇಡ ಬೇಡವೆಂದರೂ ಎಣಿಸತೊಡಗಿದೆ. ಒಂದು. ಎರಡು. ಮೂರರ ನಂತರ ತಡವಾಯಿತು. ಎಷ್ಟು ತಡ? ಗೊತ್ತಾಗಲಿಲ್ಲ. ಓಡಿ ಹೋಗಿ ಅವನ ಭುಜ ಅಲ್ಲಾಡಿಸಿದೆ.

"ಏನು?" ಎಂದು ಗಾಬರಿಯಿಂದ ಕಣ್ಣು ಬಿಟ್ಟ.

"ಏನಿಲ್ಲ. ಇದ್ದೀರಾ ಅಂತ."

ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಹುಚ್ಚಿ ಎನ್ನುತ್ತಿದ್ದರು. ಅವನು ಆ ಕೋಣೆಯನ್ನು ಕೊನೆಯವರೆಗೂ ಕೇಳಿದವನು. ನನ್ನ ಮುಖ ನೋಡಿದ, ಅರ್ಥ ಮಾಡಿಕೊಂಡ.

"ಇದ್ದೀನಿ," ಎಂದ. ಮತ್ತೆ ಕಣ್ಣು ಮುಚ್ಚಿದ.

ಐದು ನಿಮಿಷವೂ ತಡೆಯಲಾಗಲಿಲ್ಲ. ಮತ್ತೆ ಮುಟ್ಟಿದೆ. ಈ ಸಲ ಕಣ್ಣು ಬಿಡಲಿಲ್ಲ. "ಇದ್ದೀನಿ." ಮೂರನೆಯ ಸಲವೂ ಅಷ್ಟೇ ನಿಧಾನವಾಗಿ, "ಇದ್ದೀನಿ." ನಾಲ್ಕನೆಯ ಸಲ ನನಗೇ ನಾಚಿಕೆಯಾಗಿ ಕೈ ಹಿಂದಕ್ಕೆಳೆದುಕೊಂಡೆ. ಅವನು ಆ ಕೈ ಹಿಡಿದುಕೊಂಡ.

"ನಾನು ಮಲಗಿದಾಗ ನೀವು ಹೋಗ್ಬಿಟ್ರೆ?" ನನ್ನ ಧ್ವನಿ ನನ್ನದಾಗಿರಲಿಲ್ಲ.

"ಹೋಗೋದಾದ್ರೆ ನೀವು ಎಚ್ಚರ ಇದ್ರೂ ಹೋಗ್ತೀನಿ," ಎಂದ. "ನಿಮ್ಮ ಯಜಮಾನ್ರೂ ಹೋಗ್ತಿದ್ರು. ನೀವು ಕಣ್ಣು ಬಿಟ್ಕೊಂಡು ಹಿಡ್ಕೊಂಡಿದ್ರೆ ನಿಲ್ತಿದ್ರು ಅಂತ ಅಲ್ಲ. ಇರೋವರೆಗೆ ಕೇಳಿ. ರಾತ್ರಿಗೆ ನೂರು ಸಲ ಕೇಳಿದ್ರೂ ಹೇಳ್ತೀನಿ. ಹೇಗೂ ಚಿಲಕ ನೋಡೋಕೆ ಏಳೋನೇ ನಾನು."

"ರಾತ್ರಿಗೆ ಅಂದ್ರೆ?"

"ರಾತ್ರಿಗೆ ಅಂದ್ರೆ ರಾತ್ರಿಗೆ," ಎಂದ. ಕಣ್ಣು ಮುಚ್ಚಿದ್ದರೂ ಅವನ ಕೆನ್ನೆ ಕೆಂಪಾಗಿತ್ತು. "ನಿಮಗೆ ಒಪ್ಪಿಗೆ ಇದ್ರೆ."

ನಾನು ಕೈ ಬಿಡಿಸಿಕೊಳ್ಳಲಿಲ್ಲ. ಗಿರಾಕಿಗಳ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಅವನ ಪಕ್ಕ ಕೂತೆ. ಸದ್ದಿಲ್ಲದೆ ಅತ್ತೆ, ಅವನ ತೋಳಿಗೆ ಒರಗಿ. ಅವನ ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಎಷ್ಟರವರೆಗೆ ಎಣಿಸಿದೆನೋ ನೆನಪಿಲ್ಲ.

ಭುಜದ ಮೇಲೆ ಯಾರದೋ ಕೈ ತಾಗಿ ಎಚ್ಚರವಾಯಿತು. ಹೊರಗೆ ಬೀದಿ ದೀಪ ಹತ್ತಿತ್ತು. ಅವನು ನನ್ನ ಮುಂದೆ ಮಂಡಿಯೂರಿ ಕೂತಿದ್ದ. ಮುಖದಲ್ಲಿ ಭಯವಿತ್ತು, ನಿಜವಾದ ಭಯ.

"ತುಂಬಾ ಹೊತ್ತಿಂದ ಅಲ್ಲಾಡ್ಲೇ ಇಲ್ಲ ನೀವು," ಎಂದ. "ಇದ್ದೀರಾ?"

ಹನ್ನೊಂದು ತಿಂಗಳು, ಆಮೇಲೆ ನಾಲ್ಕು ವರ್ಷ, ಈ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ.

"ಇದ್ದೀನಿ," ಎಂದೆ.